ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ, ಸಂಗೀತ: ಹಾಸನ ಸೀಮೆಯ ಪೋಷಕರಿಗೆ ಮಾರ್ಗದರ್ಶಿ

ಜೂನ್ ತಿಂಗಳು ಬಂತೆಂದರೆ ಹಾಸನದ ಪೋಷಕರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಗಳು ಎಂಟನೇ ತರಗತಿಗೆ ಬಂದಿದ್ದಾಳೆ, ಈಗ ಸಂಗೀತಕ್ಕೆ ಸೇರಿಸಿದರೆ ತಡವಾಯಿತೇ? ಮಗ ನೋಟ್ ಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಚಿತ್ರ ಬರೆಯುತ್ತಾನೆ, ಎಲ್ಲಿಗೆ ಕಳಿಸಬೇಕು? ಹತ್ತನೇ ತರಗತಿಯಲ್ಲಿ ಬಿಡಿಸಬೇಕೇ?

ಮೊದಲ ಮತ್ತು ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ತಡವಾಗಿಲ್ಲ, ಬಿಡಿಸಬೇಡಿ. ಐದು ವರ್ಷದ ಮಗುವಿಗೆ ತಾಳದ ಲೆಕ್ಕ ಹೇಳಿಕೊಡಲು ತಿಂಗಳುಗಟ್ಟಲೆ ಬೇಕಾಗುತ್ತದೆ, ಹದಿಮೂರು ವರ್ಷದ ಹುಡುಗಿ ಅದನ್ನು ಒಂದೆರಡು ಪಾಠದಲ್ಲಿ ಗ್ರಹಿಸುತ್ತಾಳೆ. ದೂರದ ವಸ್ತು ಚಿಕ್ಕದಾಗಿ ಕಾಣುವ ನಿಯಮ, ಅಂದರೆ ಪರ್ಸ್ಪೆಕ್ಟಿವ್, ಚೆನ್ನಾಗಿ ತಲೆಗೆ ಹತ್ತುವುದೂ ಈ ವಯಸ್ಸಿನಲ್ಲಿಯೇ. ನಡುವಿನ ಪ್ರಶ್ನೆ, ಎಲ್ಲಿಗೆ ಮತ್ತು ಯಾರ ಬಳಿಗೆ ಎಂಬುದು, ದೊಡ್ಡದು. ಅದಕ್ಕಾಗಿಯೇ ಈ ಲೇಖನ. ಚಿಕ್ಕಮಗಳೂರಿನ ಕಡೆಯವರಿಗೂ ಇಲ್ಲಿನ ಬಹುಪಾಲು ಮಾತು ಹಾಗೆಯೇ ಅನ್ವಯಿಸುತ್ತದೆ.

1. ಒಂದನ್ನೇ ಆರಿಸಿ, ಆಯ್ಕೆಯನ್ನು ಮಗುವಿಗೆ ಬಿಡಿ

ಶಾಲೆ, ಟ್ಯೂಷನ್, ಮನೆಪಾಠ ಮುಗಿದ ಮೇಲೆ ಹೈಸ್ಕೂಲು ಮಗುವಿಗೆ ದಿನದಲ್ಲಿ ಉಳಿಯುವುದು ಒಂದು ಗಂಟೆ. ಸೋಮವಾರ ಕೀಬೋರ್ಡ್, ಬುಧವಾರ ಚಿತ್ರಕಲೆ, ಶನಿವಾರ ಭರತನಾಟ್ಯ ಎಂದು ಹಂಚಿದರೆ ಯಾವುದಕ್ಕೂ ಅಭ್ಯಾಸದ ಹೊತ್ತು ಸಿಗುವುದಿಲ್ಲ.

ಸೇರಿಸುವ ಮೊದಲು ಎರಡು ವಾರ ಸುಮ್ಮನೆ ಗಮನಿಸಿ. ಗೆರೆಯಿಲ್ಲದ ಒಂದು ಪುಸ್ತಕ, ಒಂದು ಪೆನ್ಸಿಲ್ ಕೊಟ್ಟು ಏನನ್ನೂ ಹೇಳದೆ ಬಿಡಿ. ಯಾರೂ ಕೇಳದಿದ್ದರೂ ಮಗು ಯಾವುದರ ಕಡೆಗೆ ಮತ್ತೆ ಮತ್ತೆ ತಿರುಗುತ್ತದೆಯೋ ಅದೇ ಅದರ ದಾರಿ. ನೆರೆಮನೆಯ ಹುಡುಗಿ ವೀಣೆ ಕಲಿಯುತ್ತಿದ್ದಾಳೆ ಎಂಬುದು ನಿಮ್ಮ ಮಗಳನ್ನು ವೀಣೆಗೆ ಸೇರಿಸಲು ಕಾರಣವಾಗಬಾರದು. ಮಗುವಿಗೆ ಭಾವಗೀತೆ ಮಾತ್ರ ಇಷ್ಟವೆಂದರೆ ಹಗುರವಾಗಿ ಕಾಣಬೇಡಿ. ಸುಗಮ ಸಂಗೀತದ ಪಾಠಕ್ಕೇ ಸೇರಿಸಿ, ಆದರೆ ಸ್ವರಾಭ್ಯಾಸವನ್ನೂ ಮಾಡಿಸುವ ಗುರುಗಳನ್ನು ಹುಡುಕಿ.

2. ಶಾಲೆಯಲ್ಲಿ ಏನಿದೆ ಎಂದು ವಿಚಾರಿಸಿ

ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿಯ 625 ಅಂಕಗಳು ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಮೀಸಲು. ಕಲೆಗೆ ಅದರಲ್ಲಿ ಪಾಲಿಲ್ಲ. ಹಾಗಾಗಿಯೇ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿದೆ. ಎಲ್ಲ ಹೈಸ್ಕೂಲುಗಳಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ, ಸಂಗೀತ ಶಿಕ್ಷಕರಂತೂ ಇನ್ನೂ ಅಪರೂಪ. ನಿಮ್ಮ ಶಾಲೆಯಲ್ಲಿ ಇದ್ದರೆ ಅವರನ್ನೇ ಮೊದಲು ಭೇಟಿಯಾಗಿ. ಮಗುವಿನ ಕೈಯನ್ನು ಅವರು ಆಗಲೇ ನೋಡಿರುತ್ತಾರೆ, ಊರಿನ ಕಲಾವಿದರ ಪರಿಚಯವೂ ಅವರಿಗಿರುತ್ತದೆ.

ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಚಿತ್ರಕಲೆ, ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತಗಳನ್ನು 9 ಮತ್ತು 10ನೇ ತರಗತಿಯಲ್ಲಿ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಅವಕಾಶವಿದೆ. ಆದರೆ ನಿಮ್ಮ ಶಾಲೆ ಅದನ್ನು ಕಲಿಸುತ್ತಿರಬೇಕು. ಅದು ಎರಡು ವರ್ಷಗಳ ಪಠ್ಯ, ಹತ್ತಕ್ಕೆ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಎಂಟನೇ ತರಗತಿಯ ಕೊನೆಯಲ್ಲೇ ವಿಚಾರಿಸಿ.

3. ಗುರುಗಳನ್ನು ಹುಡುಕುವುದು

ಫಲಕ ನೋಡಿ ಒಳಗೆ ಹೋಗುವುದಕ್ಕಿಂತ ಕಾರ್ಯಕ್ರಮ ನೋಡಿ ಹುಡುಕುವುದು ಒಳ್ಳೆಯದು. ಹಾಸನದಲ್ಲಾದರೆ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನಲ್ಲಾದರೆ ಕುವೆಂಪು ಕಲಾಮಂದಿರದ ಕಾರ್ಯಕ್ರಮಗಳಿಗೆ ಹೋಗಿ. ರಾಮನವಮಿ, ಗಣೇಶೋತ್ಸವ, ನವರಾತ್ರಿಯ ಕಚೇರಿಗಳಿಗೂ ಮಗುವನ್ನು ಕರೆದೊಯ್ಯಿರಿ. ವೇದಿಕೆಯಲ್ಲಿ ಹಾಡುವವರು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದಿದ್ದರೂ ಪಿಟೀಲು, ಮೃದಂಗ ನುಡಿಸುವವರು ಎಷ್ಟೋ ಸಲ ನಮ್ಮ ಊರಿನವರೇ ಆಗಿರುತ್ತಾರೆ, ಮನೆಯಲ್ಲಿ ಪಾಠವನ್ನೂ ಹೇಳುತ್ತಿರುತ್ತಾರೆ. ಕಚೇರಿ ಮುಗಿದ ಮೇಲೆ ಹೋಗಿ ನಮಸ್ಕಾರ ಹೇಳಿ ಕೇಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿಯೂ ಸ್ಥಳೀಯ ಕಲಾವಿದರ ಬಗ್ಗೆ ವಿಚಾರಿಸಬಹುದು.

ಎರಡು ಮೂರು ಹೆಸರು ಸಿಕ್ಕಿದ ಮೇಲೆ ಒಂದೊಂದು ಪಾಠಕ್ಕೆ ಹೋಗಿ ಕುಳಿತು ನೋಡಿ. ಇದು ಇಡೀ ಲೇಖನದಲ್ಲಿ ನಾನು ಅತ್ಯಂತ ಒತ್ತಿ ಹೇಳುವ ಮಾತು. ಶುಲ್ಕ, ದೂರ, ಪ್ರಮಾಣಪತ್ರ ಎಲ್ಲವೂ ಆಮೇಲೆ.

ಚಿತ್ರಕಲಾ ತರಗತಿಯಲ್ಲಿ ಗೋಡೆ ನೋಡಿ. ಇಪ್ಪತ್ತು ಮಕ್ಕಳ ಚಿತ್ರಗಳಲ್ಲೂ ಅದೇ ಎರಡು ಬೆಟ್ಟ, ಅದೇ ಮುಳುಗುವ ಸೂರ್ಯ, ಅದೇ ತೆಂಗಿನಮರ ಇದ್ದರೆ ಅಲ್ಲಿ ನಡೆಯುತ್ತಿರುವುದು ನಕಲು. ಗುರುಗಳು ಒಂದು ಚಿತ್ರ ಬಿಡಿಸುತ್ತಾರೆ, ಮಕ್ಕಳು ಅದನ್ನೇ ಮಾಡುತ್ತಾರೆ, ಮನೆಗೆ ಅಂದವಾದ ಹಾಳೆ ಬರುತ್ತದೆ, ಕಣ್ಣು ಮಾತ್ರ ಏನನ್ನೂ ಕಲಿತಿರುವುದಿಲ್ಲ. ಪೋಷಕರು ಮೋಸ ಹೋಗುವುದು ಇಲ್ಲಿಯೇ, ಏಕೆಂದರೆ ನಕಲು ಮಾಡಿದ ಚಿತ್ರ ನೋಡಲು ಚೆನ್ನಾಗಿರುತ್ತದೆ. ನಿಜವಾಗಿ ಕಲಿಯುತ್ತಿರುವ ಮಗುವಿನ ಹಾಳೆ ಮೊದಲ ತಿಂಗಳುಗಳಲ್ಲಿ ಸೊಟ್ಟಗೇ ಇರುತ್ತದೆ. ಒಂದು ಕೊಡ, ಒಂದು ಬಟ್ಟೆ, ಎರಡು ಬದನೆಕಾಯಿ ಮುಂದಿಟ್ಟು, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಕೇಳಿ, ನೋಡಿ ಬರೆಯಲು ಹೇಳುವ ಗುರುಗಳು ಸಿಕ್ಕರೆ ಬಿಡಬೇಡಿ. ಇದಕ್ಕೆ ವಸ್ತುಚಿತ್ರಣ ಎನ್ನುತ್ತಾರೆ, ಮುಂದಿನ ಎಲ್ಲ ಕಲಿಕೆಗೂ ಇದೇ ಅಡಿಪಾಯ.

ಸಂಗೀತ ಪಾಠದಲ್ಲಿ ಗಮನಿಸಬೇಕಾದದ್ದು ಇಷ್ಟು. ಪಾಠಕ್ಕೆ ಮೊದಲು ಶ್ರುತಿ ಹಿಡಿಸುತ್ತಾರೆಯೇ? ಶ್ರುತಿ ಎಂದರೆ ಹಾಡುವವರು ಆಧಾರವಾಗಿ ಇಟ್ಟುಕೊಳ್ಳುವ ಷಡ್ಜದ, ಅಂದರೆ ‘ಸ’ ಸ್ವರದ, ಎತ್ತರ, ತಂಬೂರಿ ಸದಾ ನುಡಿಯುತ್ತಿರುವುದು ಅದನ್ನೇ. ಗುಂಪಿನಲ್ಲಿ ಹಾಡಿಸಿದ ಮೇಲೆ ಒಬ್ಬೊಬ್ಬರನ್ನೂ ಬೇರೆಯಾಗಿ ಹಾಡಿಸುತ್ತಾರೆಯೇ? ಗುಂಪಿನಲ್ಲಿ ತಪ್ಪು ಅಡಗಿಕೊಳ್ಳುತ್ತದೆ. ತಪ್ಪಿದ ಕಡೆ ನಿಲ್ಲಿಸಿ ಮತ್ತೆ ಹಾಡಿ ತೋರಿಸುತ್ತಾರೆಯೇ? ಮಕ್ಕಳ ಕೈ ತಾಳ ಹಾಕುತ್ತಿದೆಯೇ? ಮೂರು ತಿಂಗಳಿಗೇ ದೊಡ್ಡ ಕೀರ್ತನೆ ಹೇಳಿಕೊಡುವ ಕಡೆ ಸೇರಿಸಬೇಡಿ. ವೇದಿಕೆಯ ಮೇಲೆ ಒಂದು ಕೃತಿ ಹಾಡಿ ಚಪ್ಪಾಳೆ ಗಿಟ್ಟಿಸಿದ ಮಗುವಿಗೆ ಮರುದಿನ ಒಂದು ಅಲಂಕಾರ, ಅಂದರೆ ತಾಳಕ್ಕೆ ಹೊಂದಿಸಿದ ಸ್ವರಾಭ್ಯಾಸ, ಹಾಡಲು ಬರದಿದ್ದರೆ, ಆ ಕಲಿಕೆಗೆ ಬೇರಿಲ್ಲ.

ಇನ್ನೊಂದು ಮಾತು, ಸಂಕೋಚಪಡದೆ ಹೇಳಬೇಕಾದದ್ದು. ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರಬೇಕು, ಪೋಷಕರು ಯಾವಾಗ ಬೇಕಾದರೂ ಬಂದು ಕುಳಿತುಕೊಳ್ಳುವಂತಿರಬೇಕು. ಪೋಷಕರು ಬರಲೇಬಾರದು ಎನ್ನುವ ಕಡೆಗೆ, ಎಷ್ಟೇ ದೊಡ್ಡ ಹೆಸರಿರಲಿ, ಮಗುವನ್ನು ಕಳಿಸಬೇಡಿ. ಅಲ್ಲಿಗೆ ಹೋಗುವುದಿಲ್ಲ ಎಂದು ಮಗು ಹಟ ಹಿಡಿದರೆ ಸೋಮಾರಿತನವೆಂದು ಗದರಿಸುವ ಮೊದಲು ಕಾರಣ ಕೇಳಿ.

4. ಸಾಮಗ್ರಿ: ಕಡಿಮೆಯಿಂದ ಆರಂಭಿಸಿ

ಚಿತ್ರಕಲೆಗೆ ಮೊದಲ ಆರು ತಿಂಗಳು ಬೇಕಾಗುವುದು ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್‌ಗಳು, ಮೆತ್ತನೆಯ ರಬ್ಬರ್, ಕಾರ್ಟ್ರಿಡ್ಜ್ ಹಾಳೆ, ಹಾಳೆ ಸಿಕ್ಕಿಸಿಕೊಳ್ಳಲು ಒಂದು ಹಲಗೆ. ಬಿ ಅಕ್ಷರದ ಹಿಂದಿನ ಅಂಕಿ ಹೆಚ್ಚಿದಂತೆ ಪೆನ್ಸಿಲ್‌ನ ಕಡ್ಡಿ ಮೆದುವಾಗುತ್ತದೆ, ಗೆರೆ ಕಪ್ಪಾಗುತ್ತದೆ. ನಲವತ್ತೆಂಟು ಬಣ್ಣದ ದೊಡ್ಡ ಪೆಟ್ಟಿಗೆ ಕೊಡಿಸುವ ಆಸೆ ಬೇಡ. ಬಣ್ಣಕ್ಕೆ ಬಂದಾಗ ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು ಪೋಸ್ಟರ್ ಬಣ್ಣದ ಬಾಟಲಿಗಳು ಸಾಕು, ಉಳಿದದ್ದನ್ನು ಮಗು ಬೆರೆಸಿ ಪಡೆಯಲಿ. ಹಸಿರನ್ನು ಬಾಟಲಿಯಿಂದ ತೆಗೆಯುವ ಮಗು ಕಾಫಿ ಗಿಡದ ಹಸಿರನ್ನೂ ಗದ್ದೆಯ ಹಸಿರನ್ನೂ ಒಂದೇ ಮಾಡಿಬಿಡುತ್ತದೆ. ಜಲವರ್ಣಕ್ಕೆ ತೆಳುವಾದ ಹಾಳೆ ಆಗದು, ನೀರು ಬಿದ್ದ ಕೂಡಲೇ ಸುಕ್ಕುಗಟ್ಟುತ್ತದೆ. 300 ಜಿಎಸ್‌ಎಂ ಹಾಳೆ ಕೇಳಿ. ಒಂದು ಚದರ ಮೀಟರ್ ಹಾಳೆಯ ತೂಕ ಇಷ್ಟು ಗ್ರಾಂ ಎಂಬುದು ಆ ಅಂಕಿಯ ಅರ್ಥ.

ಗಾಯನಕ್ಕೆ ಬೇಕಾದದ್ದು ಶ್ರುತಿ ಮಾತ್ರ. ಮೊದಲಿಗೆ ಮೊಬೈಲಿನ ತಂಬೂರಿ ಆ್ಯಪ್ ಸಾಕು, ಮುಂದೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೊಳ್ಳಬಹುದು. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ ಕೊಡಿ, ಇಲ್ಲದಿದ್ದರೆ ಪ್ರತಿ ಸಂದೇಶದ ಸದ್ದಿಗೂ ಅಭ್ಯಾಸ ತುಂಡಾಗುತ್ತದೆ.

ವಾದ್ಯಗಳ ವಿಷಯದಲ್ಲಿ ಗುರುಗಳನ್ನು ಕೇಳದೆ, ಮಗುವನ್ನು ಕರೆದೊಯ್ಯದೆ ಏನನ್ನೂ ಕೊಳ್ಳಬೇಡಿ. ಪಿಟೀಲಿನಲ್ಲಿ ಮುಕ್ಕಾಲು ಅಳತೆ, ಪೂರ್ಣ ಅಳತೆ ಎಂಬ ಭೇದವಿದೆ, ತೋಳಿನ ಉದ್ದ ನೋಡಿ ಆರಿಸಬೇಕು. ಕೊಳಲಿಗೆ ಬೆರಳುಗಳು ರಂಧ್ರಗಳನ್ನು ಪೂರ್ತಿ ಮುಚ್ಚುವಂತಿರಬೇಕು. ಕೀಬೋರ್ಡ್ ಕೊಂಡು ಅದರಲ್ಲಿ ಕರ್ನಾಟಕ ಸಂಗೀತ ಕಲಿಸುತ್ತೇವೆ ಎಂದು ಬರುವವರು ಬಹಳ. ಕೀಬೋರ್ಡಿನ ಒಂದೊಂದು ಮನೆಯೂ ಒಂದು ನಿಂತ ಸ್ವರ. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕ ಅದರಲ್ಲಿ ಸಹಜವಾಗಿ ಬರುವುದಿಲ್ಲ. ಪಾಶ್ಚಾತ್ಯ ಸಂಗೀತ ಅಥವಾ ಸಿನಿಮಾ ಗೀತೆಗಳಿಗಾದರೆ ಅದು ಒಳ್ಳೆಯ ವಾದ್ಯವೇ.

ನಮ್ಮ ಕಡೆಯ ಮಳೆಗಾಲದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯೇ ತೇವವಾಗಿರುತ್ತದೆ. ಮೃದಂಗ, ತಬಲಾಗಳ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಪಿಟೀಲಿನ ಮರ ಉಬ್ಬುತ್ತದೆ, ಬರೆದಿಟ್ಟ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ. ಚಿತ್ರಗಳನ್ನು ಗೋಡೆಗೆ ತಾಗದಂತೆ, ನಡುನಡುವೆ ಒಣ ಹಾಳೆ ಇಟ್ಟು ಜೋಡಿಸಿ. ವಾದ್ಯ ತಣ್ಣಗಾಯಿತೆಂದು ಒಲೆಯ ಹತ್ತಿರ ಇಡಬೇಡಿ, ಚರ್ಮ ಬಿರಿಯುತ್ತದೆ.

5. ದಾರಿ ಮತ್ತು ಹೊತ್ತು

ಹಾಸನ ಪಟ್ಟಣದಲ್ಲೇ ಇರುವವರಿಗೆ ಸಂಜೆಯ ಪಾಠ ಅನುಕೂಲ. ಹಳ್ಳಿಯಿಂದ ಬರುವ ಮಕ್ಕಳಿಗೆ ಪಾಠದ ಹೊತ್ತಿಗಿಂತ ಹಿಂತಿರುಗುವ ಬಸ್ಸಿನ ಹೊತ್ತು ಮುಖ್ಯ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟದ ದಾರಿಗಳಲ್ಲಿ ಕಾಡಾನೆಗಳ ಓಡಾಟವಿದೆ, ಕತ್ತಲಾದ ಮೇಲೆ ಮಗು ಆ ದಾರಿಯಲ್ಲಿ ನಡೆದು ಬರುವಂತಾಗಬಾರದು. ಭಾನುವಾರ ಬೆಳಿಗ್ಗೆ ಒಂದೇ ದೀರ್ಘ ಪಾಠ ಕೊಡುವಿರಾ ಎಂದು ಗುರುಗಳನ್ನು ಕೇಳಿ, ಬಹಳ ಮಂದಿ ಒಪ್ಪುತ್ತಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರಿಗೆ ಬಿಡುವಿರುವುದಿಲ್ಲ. ನವೆಂಬರ್‌ನಲ್ಲಿ ಪಾಠ ತಪ್ಪಲು ಶುರುವಾಗಿ ಆಮೇಲೆ ನಿಂತೇ ಹೋಗುವುದು ತೋಟದ ಮನೆಗಳ ಸಾಮಾನ್ಯ ಕಥೆ. ಆ ತಿಂಗಳುಗಳಲ್ಲಿ ಯಾರು ಕರೆದೊಯ್ಯಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಆನ್‌ಲೈನ್ ಪಾಠದಲ್ಲಿ ಧ್ವನಿ ಒಂದಿಷ್ಟು ತಡವಾಗಿ ತಲುಪುವುದರಿಂದ ಗುರುಗಳ ಜೊತೆಜೊತೆಗೆ ಹಾಡಲು ಆಗುವುದಿಲ್ಲ, ಅವರು ಹಾಡಿದ ಮೇಲೆ ಮಗು ಹಾಡಬೇಕು. ಚಿತ್ರಕಲೆಗೆ ಈ ತೊಡಕಿಲ್ಲ, ಕ್ಯಾಮೆರಾ ಮುಖದ ಮೇಲಲ್ಲ, ಕೈಯ ಮೇಲಿರಬೇಕು ಅಷ್ಟೆ.

6. ಮನೆಯ ಅಭ್ಯಾಸ

ವಾರಕ್ಕೆ ಎರಡು ಪಾಠದಿಂದ ಯಾವ ಕಲೆಯೂ ಬರುವುದಿಲ್ಲ, ಬರುವುದು ಉಳಿದ ಐದು ದಿನಗಳಿಂದ. ದಿನಕ್ಕೆ ಅರ್ಧ ಗಂಟೆ, ಆದರೆ ಪ್ರತಿದಿನ, ಅದೇ ಹೊತ್ತಿಗೆ. ಭಾನುವಾರ ಮೂರು ಗಂಟೆ ಕುಳಿತರೆ ಅದಕ್ಕೆ ಸಮವಾಗದು.

ಸಂಗೀತದಲ್ಲಿ ಆರಂಭದ ಪಾಠ ಸರಳೆ ವರಸೆ, ಅಂದರೆ ಏಳು ಸ್ವರಗಳನ್ನು ಮೆಟ್ಟಿಲಾಗಿ ಏರಿ ಇಳಿಯುವ ಸಾಧನೆ. ಆಮೇಲೆ ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಗೀತೆ, ಹೀಗೆ ಮುಂದುವರಿಯುತ್ತದೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಎಲ್ಲವನ್ನೂ ಮಾಯಾಮಾಳವಗೌಳ ರಾಗದಲ್ಲೇ ಆರಂಭಿಸುವುದಕ್ಕೆ ಕಾರಣವಿದೆ. ಅದರಲ್ಲಿ ಸ–ರಿ, ಗ–ಮ, ಪ–ದ, ನಿ–ಸ ಜೋಡಿಗಳು ಒತ್ತೊತ್ತಾಗಿವೆ, ರಿ–ಗ ಮತ್ತು ದ–ನಿ ನಡುವೆ ದೊಡ್ಡ ಅಂತರವಿದೆ. ಕೆಳಗಿನ ಅರ್ಧಕ್ಕೂ ಮೇಲಿನ ಅರ್ಧಕ್ಕೂ ಒಂದೇ ಅಚ್ಚು. ಹಾಗಾಗಿ ಕಿರಿದಾದ ಅಂತರವನ್ನೂ ದೊಡ್ಡ ಅಂತರವನ್ನೂ ಕಂಠ ಒಟ್ಟಿಗೇ ಕಲಿಯುತ್ತದೆ. ಇದು ಬೇಸರದ ಪಾಠವೆಂದು ಮಗು ಗೊಣಗಿದಾಗ ಈ ಕಾರಣವನ್ನು ಹೇಳಿ. ಹೈಸ್ಕೂಲು ಮಕ್ಕಳು ಕಾರಣ ತಿಳಿದರೆ ಕೆಲಸ ಮಾಡುತ್ತಾರೆ. ಒಂದೇ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಒಂದು ಪಟ್ಟು, ಎರಡು ಪಟ್ಟು, ನಾಲ್ಕು ಪಟ್ಟು ವೇಗದಲ್ಲಿ, ತಾಳ ತಪ್ಪದೆ ಹಾಡುವುದು ಗುರಿಯಾಗಿರಲಿ.

ಗಂಡುಮಕ್ಕಳ ಪೋಷಕರು ಈ ಭಾಗವನ್ನು ನಿಧಾನವಾಗಿ ಓದಿ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗುತ್ತವೆ, ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಸ ಇದ್ದಲ್ಲಿಂದ ಕೆಳಗಿನ ಸ ವರೆಗೆ, ಇಳಿಯುತ್ತದೆ. ಕೆಲವು ತಿಂಗಳು ಕಂಠ ಒಡೆದಂತೆ, ಹಿಡಿತಕ್ಕೆ ಸಿಗದಂತೆ ಇರುತ್ತದೆ. ಚೆನ್ನಾಗಿ ಹಾಡುತ್ತಿದ್ದ ಹುಡುಗ ನಾಚಿಕೊಂಡು ಸಂಗೀತ ಬಿಡುವುದು ಈ ಹೊತ್ತಿನಲ್ಲಿ. ಬಿಡಿಸಬೇಡಿ. ಶ್ರುತಿಯನ್ನು ಇಳಿಸಿ, ಮೇಲಿನ ಸ್ವರಗಳನ್ನು ಬಲವಂತವಾಗಿ ಎಳೆಸದೆ, ಕಂಠಕ್ಕೆ ನೋವಾದ ದಿನ ಹಾಡಿಸದೆ ದಾಟಿಸಬೇಕು. ಆ ತಿಂಗಳುಗಳಲ್ಲಿ ತಾಳದ ಲೆಕ್ಕ, ಸ್ವರ ಬರೆಯುವುದು, ಕಚೇರಿ ಕೇಳುವುದು ಮುಂದುವರಿಯಲಿ. ಹೆಣ್ಣುಮಕ್ಕಳ ಧ್ವನಿಯೂ ಸ್ವಲ್ಪ ಇಳಿಯುತ್ತದೆ, ಆದರೆ ಇಷ್ಟು ಎದ್ದು ಕಾಣುವುದಿಲ್ಲ. ಹಳೆಯ ಶ್ರುತಿಯಲ್ಲೇ ಹಾಡಬೇಕೆಂದು ಹಟ ಹಿಡಿಯುವ ಗುರುಗಳಿದ್ದರೆ ವಿನಯದಿಂದಲೇ ಬೇರೆಯವರನ್ನು ಹುಡುಕಿಕೊಳ್ಳಿ.

ಚಿತ್ರಕಲೆಗೆ ದಿನಕ್ಕೊಂದು ರೇಖಾಚಿತ್ರ. ಅಡುಗೆಮನೆಯ ಒರಳುಕಲ್ಲು, ಮಲಗಿರುವ ಬೆಕ್ಕು, ಜಗುಲಿಯ ಚಪ್ಪಲಿಗಳು, ಬಸ್ ನಿಲ್ದಾಣದಲ್ಲಿ ಕಾಯುವ ಜನ, ಏನಾದರೂ ಸರಿ, ಎದುರಿಗೆ ಇರುವುದನ್ನು ನೋಡಿ ಬರೆಯಬೇಕು. ಮೊಬೈಲಿನ ಫೋಟೊ ನೋಡಿ ಬರೆಯುವುದು ಬೇಡ, ಮೂರು ಆಯಾಮದ ವಸ್ತುವನ್ನು ಹಾಳೆಗೆ ಇಳಿಸುವ ಕಷ್ಟದ ಕೆಲಸವನ್ನು ಅಲ್ಲಿ ಕ್ಯಾಮೆರಾ ಆಗಲೇ ಮಾಡಿಬಿಟ್ಟಿರುತ್ತದೆ. ಪ್ರತಿ ಹಾಳೆಯಲ್ಲೂ ದಿನಾಂಕ ಹಾಕಿಸಿ, ಒಂದನ್ನೂ ಹರಿಯಲು ಬಿಡಬೇಡಿ.

ನಮ್ಮ ಜಿಲ್ಲೆಯ ಮಕ್ಕಳಿಗೆ ಒಂದು ಭಾಗ್ಯವಿದೆ. ದೊಡ್ಡ ನಗರದ ಕಲಾ ವಿದ್ಯಾರ್ಥಿಗಳು ಬಸ್ಸು ಹತ್ತಿ ನೋಡಲು ಬರುವುದು ನಮ್ಮ ಮನೆಬಾಗಿಲಲ್ಲೇ ಇದೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಹಾಸನಕ್ಕೆ ಹತ್ತಿರದ ದೊಡ್ಡಗದ್ದವಳ್ಳಿ, ಆಚೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಳವಾಡಿ, ಅಮೃತಾಪುರ. ಸೋಮನಾಥಪುರದ ದೇವಾಲಯದೊಂದಿಗೆ ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಳಪದ ಕಲ್ಲು ಮೆದುವಾದ್ದರಿಂದಲೇ ಶಿಲ್ಪಿಗಳಿಗೆ ಆಭರಣದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ತಿಂಗಳಿಗೊಂದು ಭಾನುವಾರ ಮಗುವನ್ನು ಪುಸ್ತಕ, ಪೆನ್ಸಿಲ್ ಸಹಿತ ಕರೆದೊಯ್ಯಿರಿ. ಇಡೀ ಗುಡಿಯನ್ನು ಬರೆಯಲು ಹೇಳಬೇಡಿ, ಸೋತು ಬೇಸರಪಡುತ್ತದೆ. ಹಳೇಬೀಡಿನ ಕೆಳಪಟ್ಟಿಯ ಒಂದೇ ಆನೆ, ಒಂದು ಬಳ್ಳಿಯ ಸುರುಳಿ, ಕಡೆದ ಕಂಬದ ಒಂದು ಬಳೆ ಸಾಕು. ಬೆಳಿಗ್ಗೆಯೇ ಹೋಗಿ, ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕೆತ್ತನೆಯ ಆಳ ಕಾಣುತ್ತದೆ, ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಸ್ಟ್ಯಾಂಡ್ ನಿಲ್ಲಿಸಿ ಬರೆಯುವುದಾದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಸಂಗೀತದ ಮಕ್ಕಳಿಗೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಿದೆ. ಕಾವೇರಿ ದಡದ ಈ ಹಳ್ಳಿ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ ಅವರಂಥ ವಿದ್ವಾಂಸರ ಊರು. ತಂಬೂರಿಯ ಆಕಾರದ ಮಂದಿರವೂ, ಪ್ರತಿವರ್ಷದ ಸಂಗೀತೋತ್ಸವವೂ ಅಲ್ಲಿವೆ. ಉತ್ಸವದ ದಿನಾಂಕ ತಿಳಿದುಕೊಂಡು ಒಂದು ದಿನವಾದರೂ ಕರೆದೊಯ್ಯಿರಿ. ಇಷ್ಟು ದೊಡ್ಡ ಸಂಗೀತ ನಮ್ಮ ಜಿಲ್ಲೆಯ ಒಂದು ಪುಟ್ಟ ಹಳ್ಳಿಯಿಂದ ಬಂದಿದೆ ಎಂಬುದನ್ನು ಮಗು ಕಣ್ಣಾರೆ ನೋಡಲಿ.

7. ಪರೀಕ್ಷೆ, ಸ್ಪರ್ಧೆ, ಶಿಷ್ಯವೇತನ

ಚಿತ್ರಕಲೆಯಲ್ಲಿ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಎಂಬ ಎರಡು ರಾಜ್ಯಮಟ್ಟದ ಪರೀಕ್ಷೆಗಳಿವೆ. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್. ಸಂಗೀತ ಪರೀಕ್ಷೆಯಲ್ಲಿ ಹಾಡುವುದರ ಜೊತೆಗೆ ಬರೆಯುವ ಶಾಸ್ತ್ರಭಾಗವೂ ಇರುತ್ತದೆ, ಅದನ್ನು ಕೊನೆಯ ತಿಂಗಳಿಗೆ ತಳ್ಳಬೇಡಿ. ಹಿಂದೂಸ್ತಾನಿ ಕಲಿಯುವವರು ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗಳಿಂದ ಹೊರಡುತ್ತಾರೆ. ಅರ್ಜಿ ಹಾಕುವಾಗ ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ, ಹೆಸರು ಮತ್ತು ಹುಟ್ಟಿದ ದಿನಾಂಕ ಶಾಲಾ ದಾಖಲೆಯಲ್ಲಿ ಇರುವಂತೆಯೇ ಬರೆಯಿಸಿ. ‘ಆರು ತಿಂಗಳಲ್ಲಿ ಜೂನಿಯರ್ ಪಾಸು’ ಎಂಬ ಭರವಸೆ ಕೊಡುವವರು ಪರೀಕ್ಷೆಗೆ ಬೇಕಾದ ನಾಲ್ಕಾರು ರಚನೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪ್ರಮಾಣಪತ್ರ ಬರುತ್ತದೆ, ಸ್ವರಜ್ಞಾನ ಬರುವುದಿಲ್ಲ.

ಶಾಲಾ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆ, ಭಾವಗೀತೆ, ಜಾನಪದ ಗೀತೆಗಳ ಸ್ಪರ್ಧೆಗಳು ಕೆಳಹಂತದಿಂದ ರಾಜ್ಯಮಟ್ಟದವರೆಗೆ ನಡೆಯುತ್ತವೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಲಾ ಉತ್ಸವ 9ರಿಂದ 12ನೇ ತರಗತಿಯವರಿಗೆ. ಎರಡಕ್ಕೂ ಶಾಲೆಯ ಮೂಲಕವೇ ಹೆಸರು ಹೋಗಬೇಕು, ವರ್ಷದ ಆರಂಭದಲ್ಲೇ ಮುಖ್ಯ ಶಿಕ್ಷಕರಿಗೆ ತಿಳಿಸಿಡಿ.

ಶಿಷ್ಯವೇತನದಲ್ಲಿ ಬಹಳ ಪೋಷಕರು ತಪ್ಪಿಸಿಕೊಳ್ಳುವುದು ಸಿಸಿಆರ್‌ಟಿಯದು (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ). ಕೇಂದ್ರ ಸಂಸ್ಕೃತಿ ಸಚಿವಾಲಯದ ಅಡಿಯ ಈ ಸಂಸ್ಥೆ ಸಂಗೀತ, ನೃತ್ಯ, ಚಿತ್ರಕಲೆ ಮುಂತಾದವುಗಳಲ್ಲಿ ಪ್ರತಿಭೆಯಿರುವ ಮಕ್ಕಳಿಗೆ ನೆರವು ನೀಡುತ್ತದೆ. ಅರ್ಜಿ ಹಾಕುವ ವಯಸ್ಸು 10ರಿಂದ 14. ಎಂಟನೇ ತರಗತಿಯ ಮಗುವಿಗೆ ಉಳಿದಿರುವುದು ಒಂದೋ ಎರಡೋ ಅವಕಾಶ. ಒಂಬತ್ತಕ್ಕೆ ನೋಡೋಣ ಎಂದರೆ ವಯಸ್ಸು ಮೀರಿರಬಹುದು.

8. ಹತ್ತನೇ ತರಗತಿ ಮತ್ತು ಮುಂದೆ

ಹತ್ತಕ್ಕೆ ಬಂದಾಗ ಪಾಠವನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಅಭ್ಯಾಸವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಸ್ಪರ್ಧೆಗಳನ್ನು ಬಿಡಿ. ಪೂರ್ತಿ ನಿಲ್ಲಿಸಬೇಡಿ. ಒಂದು ವರ್ಷ ನಿಂತ ಕಂಠ, ನಿಂತ ಕೈ ಮತ್ತೆ ಹಿಂದಿನ ಹದಕ್ಕೆ ಬರಲು ಬಹಳ ಕಷ್ಟಪಡಬೇಕಾಗುತ್ತದೆ, ಎಷ್ಟೋ ಮಕ್ಕಳು ಆ ಕಷ್ಟಕ್ಕೆ ಹೆದರಿ ಹಿಂತಿರುಗುವುದೇ ಇಲ್ಲ. ಈ ಯೋಜನೆಯನ್ನು ಗುರುಗಳಿಗೆ ಮೊದಲೇ ಹೇಳಿ, ಆ ವರ್ಷ ಹೊಸ ಪಾಠ ಕಡಿಮೆ ಮಾಡಿ ಹಳೆಯದನ್ನು ಗಟ್ಟಿ ಮಾಡಿಸುತ್ತಾರೆ.

ಕಲೆಯನ್ನೇ ಓದಬೇಕೆನ್ನುವ ಮಕ್ಕಳಿಗೆ ದಾರಿ ಪಿಯುಸಿಯ ನಂತರ ತೆರೆಯುತ್ತದೆ. ದೃಶ್ಯಕಲೆಯ ಪದವಿ, ಅಂದರೆ ಬಿವಿಎ, ನಾಲ್ಕು ವರ್ಷದ್ದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಮಗೆ ಹತ್ತಿರದವು. ಸಂಗೀತಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು, ಮೈಸೂರಿನಲ್ಲೇ 2009ರಲ್ಲಿ ಸ್ಥಾಪನೆಯಾದ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇವೆ. ಬಿವಿಎ ಸೇರಲು ಪಿಯುಸಿಯಲ್ಲಿ ಯಾವ ವಿಭಾಗವಾದರೂ ಆಗುತ್ತದೆ. ಕಟ್ಟಡ ವಿನ್ಯಾಸ ಓದುವ ಆಸೆಯಿದ್ದರೆ ಮಾತ್ರ ಪಿಯುಸಿಯಲ್ಲಿ ಗಣಿತವನ್ನು ಬಿಡಬೇಡಿ. ಪ್ರವೇಶದ ಹೊತ್ತಿಗೆ ಮಗುವಿನ ಕೆಲಸವನ್ನು ತೋರಿಸಬೇಕಾಗಿ ಬರಬಹುದು. ಎಂಟನೇ ತರಗತಿಯಿಂದ ದಿನಾಂಕ ಹಾಕಿ ಕೂಡಿಟ್ಟ ಹಾಳೆಗಳಿಂದ ಇಪ್ಪತ್ತನ್ನು ಆರಿಸಿ ಜೋಡಿಸಿಡಿ, ಆರಿಸುವಾಗ ಅಂದವಾದ ನಕಲುಗಳನ್ನು ಪಕ್ಕಕ್ಕಿಟ್ಟು ನೋಡಿ ಬರೆದವುಗಳನ್ನೇ ತೆಗೆಯಿರಿ.